ತಂತಿಯಲ್ಲಿ ದೆವ್ವ, ಟವರಿನಲ್ಲಿ ರೋಗ: ಹೊಸ ಸಂಪರ್ಕ ಸಾಧನಗಳನ್ನು ಕಟ್ಟುಕಥೆಗಳು ಸುತ್ತಿಕೊಳ್ಳುವುದೇಕೆ?

2008ರಲ್ಲಿ ಕೆಲವು ವಿಡಿಯೊಗಳು ಜಗತ್ತನ್ನೆಲ್ಲ ಸುತ್ತಿ ಬಂದವು. ಮೇಜಿನ ಮೇಲೆ ಮೂರ್ನಾಲ್ಕು ಮೊಬೈಲ್ ಫೋನು, ನಡುವೆ ಒಂದಿಷ್ಟು ಮೆಕ್ಕೆಜೋಳದ ಕಾಳು. ಫೋನುಗಳು ಒಟ್ಟಿಗೆ ರಿಂಗಾಗುತ್ತಿದ್ದಂತೆ ಕಾಳುಗಳು ಚಟಪಟ ಸಿಡಿದು ಪಾಪ್‌ಕಾರ್ನ್ ಆದವು. ಇದೇ ಫೋನನ್ನಲ್ಲವೇ ನಾವು ತಲೆಗೆ ಒತ್ತಿ ಹಿಡಿಯುವುದು ಎಂದು ನೋಡಿದವರ ಎದೆ ಧಸಕ್ಕೆಂದಿತು. ಸ್ವಲ್ಪ ದಿನಗಳಲ್ಲೇ ಗುಟ್ಟು ಹೊರಬಿತ್ತು: ಅದು ಬ್ಲೂಟೂತ್ ಹೆಡ್‌ಸೆಟ್ ಮಾರುವ ಕಂಪನಿಯೊಂದರ ಜಾಹೀರಾತು. ಅರಳಿದ ಪಾಪ್‌ಕಾರ್ನನ್ನು ಮೇಲಿನಿಂದ ಉದುರಿಸಿ, ಕಾಳುಗಳನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದರು.

ಗುಟ್ಟು ಬಯಲಾಗುವ ಮೊದಲೇ ಇದನ್ನು ಲೆಕ್ಕದಲ್ಲಿ ಹಿಡಿಯಬಹುದಿತ್ತು. ಒಳಗಿನ ನೀರು ಆವಿಯಾಗಿ ಸಿಪ್ಪೆ ಒಡೆಯಬೇಕಾದರೆ ಕಾಳು ಸುಮಾರು 180 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಮೈಕ್ರೋವೇವ್ ಒಲೆ 700ರಿಂದ 1000 ವ್ಯಾಟ್ ಶಕ್ತಿಯನ್ನು ಲೋಹದ ಪೆಟ್ಟಿಗೆಯೊಳಗೆ ಕೂಡಿಹಾಕಿ ಎರಡು ಮೂರು ನಿಮಿಷ ಸುರಿದಾಗ ಆ ಕೆಲಸ ಆಗುತ್ತದೆ. ಆ ಕಾಲದ 2ಜಿ ಫೋನು ತನ್ನ ಗರಿಷ್ಠ ಸ್ಥಿತಿಯಲ್ಲಿ ಸರಾಸರಿ 0.25 ವ್ಯಾಟ್ ಹೊರಸೂಸುತ್ತಿತ್ತು. 4ಜಿ ಫೋನಿನ ಗರಿಷ್ಠ ಸಾಮಾನ್ಯವಾಗಿ 0.2 ವ್ಯಾಟ್. ನಾಲ್ಕು ಸೇರಿದರೂ ಒಂದು ವ್ಯಾಟ್ ದಾಟದು, ಅದೂ ಎಲ್ಲ ದಿಕ್ಕಿಗೆ ಚದುರುತ್ತದೆ. ಕಾಳಿಗೆ ತಾಗಿದ ಅಲ್ಪಸ್ವಲ್ಪ ಬಿಸಿಯನ್ನು ಸುತ್ತಲಿನ ಗಾಳಿ ಆಗಿಂದಾಗಲೇ ಕಸಿದುಕೊಳ್ಳುತ್ತದೆ.

ಹಾಗಿದ್ದೂ ಅಷ್ಟು ಜನ ನಂಬಿದರು. ಅವರನ್ನು ದಡ್ಡರೆಂದು ತಳ್ಳಿಹಾಕುವುದು ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಗಾಡಿ ಉರುಳುವಾಗ ಚಕ್ರ ತಿರುಗುವುದು ಕಾಣುತ್ತದೆ, ಗಿರಣಿ ಬೀಸುವಾಗ ಕಲ್ಲಿನ ಸದ್ದು ಕೇಳುತ್ತದೆ. ಸಂಪರ್ಕ ಸಾಧನಗಳಲ್ಲಿ ಹಾಗಿಲ್ಲ. ಫಲ ಅಂಗೈಯಲ್ಲಿರುತ್ತದೆ, ಅದನ್ನು ಆಗಿಸಿದ್ದು ಮಾತ್ರ ಎಲ್ಲೂ ಕಾಣುವುದಿಲ್ಲ. ಆ ಖಾಲಿ ಜಾಗವನ್ನು ಮನಸ್ಸು ತನಗೆ ಮೊದಲೇ ಗೊತ್ತಿರುವ ಸಂಗತಿಗಳಿಂದ ತುಂಬಿಕೊಳ್ಳುತ್ತದೆ: ಆತ್ಮ, ರೋಗ, ಬೇಹುಗಾರ, ಇಲ್ಲವೇ ಎಲ್ಲವನ್ನೂ ಸರಿಪಡಿಸುವ ಪವಾಡ. ಸಾಧನ ಬದಲಾದರೂ ಕಟ್ಟುಕಥೆಗಳು ಬಹುಮಟ್ಟಿಗೆ ಇದೇ ನಾಲ್ಕು ಅಚ್ಚುಗಳಲ್ಲಿ ಬರುತ್ತವೆ.

ಮೊದಲು ಬಂದದ್ದು ಆತ್ಮ

1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿ ಸಂದೇಶ ಕಳುಹಿಸಿದರು. ನಾಲ್ಕು ವರ್ಷ ಕಳೆಯುವುದರೊಳಗೆ, 1848ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಹೈಡ್ಸ್‌ವಿಲ್‌ನಲ್ಲಿ ಫಾಕ್ಸ್ ಸಹೋದರಿಯರು ಸತ್ತವರೊಂದಿಗೆ ಮಾತಾಡುತ್ತೇವೆಂದರು. ಮಾತಾಡುವ ವಿಧಾನವನ್ನು ಗಮನಿಸಿ: ಪ್ರಶ್ನೆಗೆ ಉತ್ತರವಾಗಿ ಟಕ್ ಟಕ್ ಸದ್ದು, ಸದ್ದನ್ನು ಎಣಿಸಿ ಅಕ್ಷರ, ಅಕ್ಷರ ಕೂಡಿಸಿ ಪದ. ಟೆಲಿಗ್ರಾಫ್ ಕಚೇರಿಯಲ್ಲಿ ನಡೆಯುತ್ತಿದ್ದ ಕೆಲಸವೇ, ತಂತಿಯೊಂದಿಲ್ಲ ಅಷ್ಟೆ. ಸತ್ತವರೊಂದಿಗೆ ಹೀಗೆ ಮಾತಾಡಬಹುದೆಂದು ನಂಬಿದ ಪಂಥದವರು ನ್ಯೂಯಾರ್ಕ್‌ನಲ್ಲಿ ಹೊರಡಿಸಿದ ಪತ್ರಿಕೆಯ ಹೆಸರೂ 'ಸ್ಪಿರಿಚುವಲ್ ಟೆಲಿಗ್ರಾಫ್'. ಕಾಣದ ಊರಿನಿಂದ ಕ್ಷಣದಲ್ಲಿ ಸುದ್ದಿ ಬರಬಹುದಾದರೆ ಕಾಣದ ಲೋಕದಿಂದ ಯಾಕೆ ಬರಬಾರದು ಎಂಬ ತರ್ಕ ಆ ಹೊತ್ತಿಗೆ ಅಷ್ಟೇನೂ ಹುಚ್ಚೆನಿಸಲಿಲ್ಲ. 1888ರಲ್ಲಿ ಮಾರ್ಗರೆಟ್ ಫಾಕ್ಸ್ ವೇದಿಕೆಯ ಮೇಲೆ ನಿಂತು, ಆ ಸದ್ದು ಕಾಲ್ಬೆರಳಿನ ಕೀಲು ಲಟಕ್ಕೆನಿಸಿದ್ದು ಎಂದು ಮಾಡಿ ತೋರಿಸಿದಳು. ನಂಬಿದವರು ಕದಲಲಿಲ್ಲ. ಮರುವರ್ಷ ಅವಳೇ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡಳು.

ಇದು ಓದಿಲ್ಲದವರ ಮೂಢನಂಬಿಕೆ ಎಂದುಕೊಂಡರೆ ತಪ್ಪಾಗುತ್ತದೆ. ಬೆಲ್ ಜತೆ ಟೆಲಿಫೋನ್ ಕಟ್ಟಿದ ಥಾಮಸ್ ವಾಟ್ಸನ್‌ಗೆ ಆತ್ಮಗಳ ವಿಷಯದಲ್ಲಿ ಗಾಢ ಆಸಕ್ತಿಯಿತ್ತು. ರೇಡಿಯೊ ತರಂಗಗಳ ಆರಂಭಿಕ ಪ್ರಯೋಗ ಮಾಡಿದ ಭೌತವಿಜ್ಞಾನಿ ಆಲಿವರ್ ಲಾಜ್, 1915ರಲ್ಲಿ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮೇಲೆ ಅವನೊಂದಿಗೆ ಸಂಪರ್ಕ ಸಾಧ್ಯವಾಗಿದೆ ಎಂದು ಬಹಿರಂಗವಾಗಿ ವಾದಿಸಿದರು. 1924ರ ಆಗಸ್ಟ್‌ನಲ್ಲಿ ಮಂಗಳ ಗ್ರಹ ಭೂಮಿಗೆ ಹತ್ತಿರ ಬಂದಾಗ ಅಮೆರಿಕದ ನೌಕಾಪಡೆ ತನ್ನ ರೇಡಿಯೊ ಕೇಂದ್ರಗಳಿಗೆ ಅನಗತ್ಯ ಪ್ರಸಾರ ತಗ್ಗಿಸಿ ವಿಚಿತ್ರ ಸಂಕೇತಗಳಿಗೆ ಕಿವಿಗೊಡಲು ಸೂಚಿಸಿತ್ತು. ಸಾಧನದ ಗಡಿ ಎಲ್ಲಿಗೆ ಮುಗಿಯುತ್ತದೆಂದು ಆಗ ತಜ್ಞರಿಗೂ ಖಚಿತವಿರಲಿಲ್ಲ. ಗಡಿ ಗೊತ್ತಿಲ್ಲದಿರುವ ಆ ಕೆಲವು ವರ್ಷಗಳೇ ಕಟ್ಟುಕಥೆಗಳಿಗೆ ಹದವಾದ ನೆಲ.

ಪದಗಳೂ ದಾರಿ ತಪ್ಪಿಸುತ್ತವೆ

ಕನ್ನಡದಲ್ಲಿ ಎಕ್ಸ್-ರೇಗೂ 'ವಿಕಿರಣ', ಅಣುಸ್ಥಾವರದ ಸೋರಿಕೆಗೂ 'ವಿಕಿರಣ', ಮೊಬೈಲ್ ಟವರಿಗೂ 'ವಿಕಿರಣ'. ಮೇಣದಬತ್ತಿಯ ಬೆಳಕೂ ವಿಕಿರಣವೇ, ಆದರೆ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ. ಪದ ಒಂದೇ ಆದ್ದರಿಂದ ಭಯವೂ ಒಂದರಿಂದ ಇನ್ನೊಂದಕ್ಕೆ ಹರಿದುಬರುತ್ತದೆ.

ವಿಕಿರಣ ಸಾಗುವುದು ಫೋಟಾನ್ ಎಂಬ ಕಿರು ಶಕ್ತಿ ಪೊಟ್ಟಣಗಳಾಗಿ; ವ್ಯತ್ಯಾಸ ಇರುವುದು ಒಂದೊಂದು ಫೋಟಾನಿನ ಶಕ್ತಿಯಲ್ಲಿ. ಪರಮಾಣುವಿನಿಂದ ಇಲೆಕ್ಟ್ರಾನನ್ನು ಕಿತ್ತು, ಡಿಎನ್‌ಎ ಬಂಧಗಳನ್ನು ಮುರಿಯುವಂಥ ಹಾನಿ ಮಾಡಲು ಸುಮಾರು 10 ಇಲೆಕ್ಟ್ರಾನ್‌ವೋಲ್ಟ್ (ಇಂಥ ಕಿರು ಶಕ್ತಿಯನ್ನು ಅಳೆಯುವ ಮಾನ) ಬೇಕು. ಹಸಿರು ಬೆಳಕಿನ ಫೋಟಾನಿನಲ್ಲಿ 2.3 ಇಲೆಕ್ಟ್ರಾನ್‌ವೋಲ್ಟ್ ಇದೆ. 5ಜಿ ಹೆಚ್ಚಾಗಿ ಬಳಸುವ 3.5 ಗಿಗಾಹರ್ಟ್ಸ್ ತರಂಗದ ಫೋಟಾನಿನಲ್ಲಿ ಇರುವುದು 0.0000145 ಇಲೆಕ್ಟ್ರಾನ್‌ವೋಲ್ಟ್, ಅಂದರೆ ಆ ಮಿತಿಯ ಸುಮಾರು ಏಳು ಲಕ್ಷದಲ್ಲೊಂದು ಪಾಲು. ಟವರಿನ ಶಕ್ತಿ ಹೆಚ್ಚಿಸಿದರೆ ಫೋಟಾನುಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದರ ಬಲ ಹೆಚ್ಚುವುದಿಲ್ಲ. ಉಳಿಯುವುದು ಬಿಸಿ ಮಾಡುವ ಗುಣ ಮಾತ್ರ. ಅಂತರರಾಷ್ಟ್ರೀಯ ಸುರಕ್ಷತಾ ಮಿತಿಗಳು ಮುಖ್ಯವಾಗಿ ಅದನ್ನೇ ಆಧರಿಸಿವೆ.

ಹಾಗಾದರೆ ಟವರು ಎಷ್ಟು ಬಿಸಿ ಮಾಡಬಲ್ಲದು? ಸರಳ ಲೆಕ್ಕ ಹಾಕೋಣ. 40 ವ್ಯಾಟಿನ ಪ್ರಸಾರಕ, ಆ ಶಕ್ತಿಯನ್ನು ಒಂದೇ ದಿಕ್ಕಿಗೆ 50 ಪಟ್ಟು ಒತ್ತಿ ಬಿಡುವ ಆಂಟೆನಾ. ಆ ಕಿರಣದ ನೇರಕ್ಕೆ, 100 ಮೀಟರ್ ದೂರದಲ್ಲಿ, ನಡುವೆ ಗೋಡೆಯಿಲ್ಲದೆ ನಿಂತರೂ ಚದರ ಮೀಟರಿಗೆ ಬೀಳುವುದು 0.016 ವ್ಯಾಟ್. 2 ಗಿಗಾಹರ್ಟ್ಸ್‌ಗಿಂತ ಮೇಲಿನ ಆವರ್ತನಗಳಿಗೆ ಜನಸಾಮಾನ್ಯರ ಮಟ್ಟಿಗೆ ಅಂತರರಾಷ್ಟ್ರೀಯ ಮಿತಿ ಚದರ ಮೀಟರಿಗೆ 10 ವ್ಯಾಟ್; ಇದು ಅದರ ಆರುನೂರರಲ್ಲೊಂದು ಪಾಲು. ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ: ಆಂಟೆನಾದ ಎದುರಿಗೇ 4 ಮೀಟರಿನೊಳಗೆ ನಿಂತರೆ ಮಿತಿ ಮೀರುತ್ತದೆ. ಅದಕ್ಕೇ ಆಂಟೆನಾಗಳನ್ನು ಕೈಗೆಟುಕದ ಎತ್ತರದಲ್ಲಿ ಕಟ್ಟುವುದು, ಸುತ್ತ ಬೇಲಿ ಹಾಕುವುದು, ದುರಸ್ತಿಗೆ ಹತ್ತುವವರು ಪ್ರಸಾರ ತಗ್ಗಿಸಿ ಇಲ್ಲವೇ ನಿಲ್ಲಿಸಿ ಕೆಲಸ ಮಾಡುವುದು. ಬೇಲಿ ಕಂಡವರು 'ಅಪಾಯವಿಲ್ಲದಿದ್ದರೆ ಬೇಲಿ ಯಾಕೆ' ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ದೂರದ ಲೆಕ್ಕವನ್ನು ಬಿಡಿಸಿ ಹೇಳದೆ 'ಏನೂ ಆಗಲ್ಲ ಹೋಗಿ' ಎಂದವರೇ ಅರ್ಧ ಅನುಮಾನ ಬಿತ್ತಿದವರು.

ಇನ್ನೊಂದು ತಲೆಕೆಳಗಾದ ಸಂಗತಿಯಿದೆ. ಟವರು ಊರಾಚೆ ಇದ್ದಷ್ಟೂ ಒಳ್ಳೆಯದೆಂದು ಜನ ಭಾವಿಸುತ್ತಾರೆ. ಆದರೆ ಮೈಗೆ ತೀರ ಹತ್ತಿರವಿರುವ ಪ್ರಸಾರಕ ಕಿವಿಗೆ ಹಿಡಿದ ಫೋನು. ಸಿಗ್ನಲ್ ಚೆನ್ನಾಗಿದ್ದಾಗ ಅದು ಒಂದು ಮಿಲಿವ್ಯಾಟಿಗಿಂತ ಕಡಿಮೆಗೂ ಇಳಿಯುತ್ತದೆ, ಸಿಗ್ನಲ್ ಕ್ಷೀಣವಾದಾಗ ತನ್ನ ಪೂರ್ತಿ 200 ಮಿಲಿವ್ಯಾಟಿಗೆ ಏರುತ್ತದೆ. ಟವರನ್ನು ದೂರ ಓಡಿಸಿದರೆ ಫೋನು ಹೆಚ್ಚು ಜೋರಾಗಿ ಕೂಗಬೇಕಾಗುತ್ತದೆ.

2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೊ ತರಂಗಗಳನ್ನು 2ಬಿ ಗುಂಪಿಗೆ, ಅಂದರೆ 'ಕ್ಯಾನ್ಸರ್‌ಕಾರಕವಾಗಿರಬಹುದು' ಎಂಬ ಗುಂಪಿಗೆ ಸೇರಿಸಿದ್ದು ನಿಜ. ಆ ಗುಂಪುಗಳು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿಯಾಗಿದೆ ಎಂಬುದನ್ನು, ಅಪಾಯದ ಪ್ರಮಾಣವನ್ನಲ್ಲ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಫಾರ್ವರ್ಡ್ ಆಗಿ ಬರುವ ಸಂದೇಶಗಳಲ್ಲಿ ಮೊದಲ ವಾಕ್ಯ ಇರುತ್ತದೆ, ಎರಡನೆಯದು ಉದುರಿಹೋಗಿರುತ್ತದೆ.

ನೋವು ನಿಜ, ಕಾರಣ ಬೇರೆ

ವೈಫೈ ಇದ್ದರೆ ತಲೆನೋವು, ಟವರ್ ಬಂದ ಮೇಲೆ ನಿದ್ದೆಯಿಲ್ಲ ಎನ್ನುವವರು ನಾಟಕವಾಡುತ್ತಿಲ್ಲ. 2005ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಇಂಥ 725 ಮಂದಿಯ ಮೇಲೆ ನಡೆದ 31 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ತರಂಗ ಇದೆಯೋ ಇಲ್ಲವೋ ಎಂಬುದನ್ನು ಅವರಿಂದ ಮರೆಮಾಡಿದಾಗ, ಅವರು ಅದನ್ನು ಬೇರೆಯವರಿಗಿಂತ ಚೆನ್ನಾಗಿ ಗುರುತಿಸಬಲ್ಲರೆಂಬುದಕ್ಕೆ ಗಟ್ಟಿಯಾದ ಸಾಕ್ಷ್ಯ ಸಿಗಲಿಲ್ಲ. ಉಪಕರಣ ಆಫ್ ಆಗಿದ್ದರೂ ಆನ್ ಇದೆ ಎಂದು ನಂಬಿದ್ದಾಗ ನೋವು ಬಂದದ್ದು ಎಷ್ಟೋ ಪ್ರಯೋಗಗಳಲ್ಲಿ ದಾಖಲಾಗಿದೆ. ಹಾನಿಯ ನಿರೀಕ್ಷೆಯೇ ಲಕ್ಷಣಗಳನ್ನು ಹುಟ್ಟಿಸುವ ಇದಕ್ಕೆ 'ನೊಸೀಬೊ' ಎನ್ನುತ್ತಾರೆ. ವೈಫೈ ಅಪಾಯದ ಬಗ್ಗೆ ಭಯ ಹುಟ್ಟಿಸುವ ವರದಿ ನೋಡಿದ ಆತಂಕ ಸ್ವಭಾವದವರಲ್ಲಿ, ಸುಳ್ಳು ವೈಫೈ ಎದುರು ಕೂರಿಸಿದರೂ ಲಕ್ಷಣಗಳು ಹೆಚ್ಚಿದ್ದನ್ನು 2013ರ ಪ್ರಯೋಗವೊಂದು ತೋರಿಸಿತು. ಎಂದರೆ ಎಚ್ಚರಿಕೆಯ ಸುದ್ದಿಯೇ ಇಲ್ಲಿ ರೋಗದ ಒಂದು ಭಾಗ.

2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಹತ್ತಾರು ಮೊಬೈಲ್ ಟವರುಗಳಿಗೆ ಬೆಂಕಿ ಬಿತ್ತು. 5ಜಿ ಇರುವಲ್ಲಿ ಕೋವಿಡ್ ಇದೆ ಎಂದು ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಲಾಗಿತ್ತು. ನಕ್ಷೆಗಳು ಹೋಲುತ್ತಿದ್ದುದೂ ನಿಜ, ಯಾಕೆಂದರೆ ಎರಡೂ ಜನ ಒತ್ತಾಗಿರುವ ನಗರಗಳ ನಕ್ಷೆಗಳು. ಅದೇ ಜಾಗದಲ್ಲಿ ಬ್ಯಾಂಕುಗಳ ನಕ್ಷೆ ಇಟ್ಟರೂ ಹೋಲುತ್ತದೆ. ಆಗ 5ಜಿ ಜಾಲವೇ ಇಲ್ಲದಿದ್ದ ದೇಶಗಳಲ್ಲೂ ಸೋಂಕು ಹರಡಿತ್ತು ಎಂಬ ಒಂದೇ ಸಂಗತಿ ಸಾಕಿತ್ತು. ಆದರೆ ಕಣ್ಣಿಗೆ ಕಾಣದ ವೈರಾಣುವಿಗೆ ಯಾರನ್ನೂ ಹೊಣೆ ಮಾಡಲಾಗದು. ಬೀದಿ ಕೊನೆಯ ಕಂಬಕ್ಕೆ ಮಾಡಬಹುದು. ಅದಕ್ಕೊಬ್ಬ ಮಾಲೀಕನಿದ್ದಾನೆ, ಅದನ್ನು ಕೆಡವಬಹುದು.

ಕೊಲ್ಲುವ ಫೋನ್ ಕರೆಯ ಕಥೆಯೂ ಇದೇ ಜಾತಿಯದು. ಇಂತಿಂಥ ಸಂಖ್ಯೆಯಿಂದ ಬಂದ ಕರೆ ಎತ್ತಿದರೆ ಸಾವು ಎಂಬ ವದಂತಿ 2004ರಲ್ಲಿ ನೈಜೀರಿಯಾದಲ್ಲಿ, 2007ರಲ್ಲಿ ಪಾಕಿಸ್ತಾನದಲ್ಲಿ ಹಬ್ಬಿತು. ಸಂಖ್ಯೆ ಕೆಂಪು ಬಣ್ಣದಲ್ಲಿ ಕಾಣುತ್ತದೆಂಬ ಒಗ್ಗರಣೆಯೂ ಇಂಥ ವದಂತಿಗಳಿಗೆ ಸೇರಿಕೊಂಡಿತು. ಕರೆ ಮಾಡುವವನ ಕೈಯಲ್ಲಿ ಏನಿದೆ ನೋಡಿ: ಜಾಲದ ಮೂಲಕ ಬರುವುದು ಅಂಕಿಗಳು ಮತ್ತು ಧ್ವನಿ. ಪರದೆಯ ಬಣ್ಣ ನಿರ್ಧರಿಸುವುದು ನಿಮ್ಮದೇ ಹ್ಯಾಂಡ್‌ಸೆಟ್. ಆ ಕಾಲದ ಸಾಮಾನ್ಯ ಕರೆಯಲ್ಲಿ ಹಾದುಬರುತ್ತಿದ್ದ ಧ್ವನಿ ಸುಮಾರು 300ರಿಂದ 3400 ಹರ್ಟ್ಸ್‌ನೊಳಗಿನದು, ಅದರ ಜೋರು ನಿಮ್ಮ ಸ್ಪೀಕರಿನ ಮಿತಿ ದಾಟದು. ನಿಮ್ಮ ಫೋನಿನ ಪ್ರಸಾರ ಶಕ್ತಿಯನ್ನು ಏರಿಸಲು ಅವನಿಗೆ ದಾರಿಯೇ ಇಲ್ಲ.

ಫೋನು ನಮ್ಮ ಮಾತು ಕದ್ದು ಕೇಳುತ್ತದೆಯೇ?

ಇವತ್ತಿನ ಕಟ್ಟುಕಥೆಗಳಲ್ಲಿ ಇದು ಅತಿ ಗಟ್ಟಿಯಾದದ್ದು, ಮತ್ತು ಸತ್ಯಕ್ಕೆ ಅತಿ ಹತ್ತಿರ ಸುಳಿಯುವುದೂ ಇದೇ. ಬೆಳಿಗ್ಗೆ ಟೆಂಟಿನ ಬಗ್ಗೆ ಮಾತಾಡಿದೆವು, ಸಂಜೆ ಟೆಂಟಿನ ಜಾಹೀರಾತು ಬಂತು.

ದಿನವಿಡೀ ಮಾತನ್ನು ಕಳುಹಿಸುವುದಾದರೆ, ಸೆಕೆಂಡಿಗೆ 16 ಕಿಲೋಬಿಟ್‌ಗೆ ಹಿಂಡಿದ ಧ್ವನಿಯೂ ದಿನಕ್ಕೆ ಸುಮಾರು 173 ಮೆಗಾಬೈಟ್, ತಿಂಗಳಿಗೆ 5 ಗಿಗಾಬೈಟ್ ಮೀರುತ್ತದೆ. ಅಷ್ಟನ್ನು ಡೇಟಾ ಬಳಕೆಯ ಪಟ್ಟಿಯಲ್ಲಿ ಬಚ್ಚಿಡುವುದು ಕಷ್ಟ. ಫೋನಿನಲ್ಲೇ ಮಾತನ್ನು ಅಕ್ಷರ ಮಾಡಿ ಕಳುಹಿಸಿದರೆ ಡೇಟಾ ಉಳಿಯುತ್ತದೆ, ಬ್ಯಾಟರಿ ಸೊರಗುತ್ತದೆ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,260 ಆಂಡ್ರಾಯ್ಡ್ ಆಪ್‌ಗಳನ್ನು ಪರೀಕ್ಷಿಸಿದಾಗ ಕದ್ದು ಧ್ವನಿ ರವಾನಿಸಿದ ಒಂದು ಉದಾಹರಣೆಯೂ ಸಿಗಲಿಲ್ಲ. ಆದರೆ ಬಳಕೆದಾರರಿಗೆ ತಿಳಿಸದೆ ಪರದೆಯನ್ನು ರೆಕಾರ್ಡ್ ಮಾಡಿ ಮೂರನೆಯವರಿಗೆ ಕಳುಹಿಸುತ್ತಿದ್ದ ಆಪ್ ಸಿಕ್ಕಿತು. ಹೆಸರು ಹಿಡಿದು ಕರೆದಾಗ ಓಗೊಡುವ ಧ್ವನಿ ಸಹಾಯಕಗಳ ಮೈಕ್ ಆ ಪದಕ್ಕಾಗಿ ಸದಾ ಕಾದಿರುತ್ತದೆ, ಮತ್ತು ಕೆಲವೊಮ್ಮೆ ತಪ್ಪಾಗಿ ಎಚ್ಚರಗೊಳ್ಳುತ್ತದೆ. ಹಾಗೆ ದಾಖಲಾದ ತುಣುಕುಗಳನ್ನು ಗುತ್ತಿಗೆ ನೌಕರರು ಕೇಳುತ್ತಿದ್ದರೆಂಬುದು 2019ರಲ್ಲಿ ಹೊರಬಂತು.

ಹಾಗಾದರೆ ಟೆಂಟು ಬಂದದ್ದೆಲ್ಲಿಂದ? ಸಾಮಾನ್ಯವಾಗಿ ಇವುಗಳಲ್ಲೊಂದರಿಂದ: ನೀವು ಹುಡುಕದಿದ್ದರೂ ಎದುರು ಕೂತ ಗೆಳೆಯ ಅದೇ ವೈಫೈನಲ್ಲಿ ಹುಡುಕಿರುತ್ತಾನೆ, ಇಬ್ಬರ ಫೋನೂ ಒಂದೇ ಜಾಗದಲ್ಲಿದ್ದುದನ್ನು ಜಾಹೀರಾತು ವ್ಯವಸ್ಥೆ ಗಮನಿಸಿರುತ್ತದೆ, ಅವನು ತನ್ನ ಸಂಪರ್ಕ ಪಟ್ಟಿಯನ್ನು ಆಪ್‌ಗೆ ಕೊಟ್ಟಾಗ ನಿಮ್ಮ ಸಂಖ್ಯೆಯೂ ಹೋಗಿರುತ್ತದೆ. ಎಷ್ಟೋ ಸಲ ಕ್ರಮವೇ ತಿರುವುಮುರುವು: ಟೆಂಟಿನ ಜಾಹೀರಾತು ವಾರದಿಂದ ಬರುತ್ತಿತ್ತು, ಅರಿವಿಲ್ಲದೆ ಕಣ್ಣಿಗೆ ಬಿದ್ದದ್ದರಿಂದಲೇ ಆ ಮಾತು ಬಂತು. ಮಾತಾದ ಮೇಲೆ ಗಮನಕ್ಕೆ ಬಂತು. ಕದ್ದು ಕೇಳಬೇಕಾದ ಅಗತ್ಯವೇ ಇಲ್ಲದಷ್ಟು ಮಾಹಿತಿ ಬೇರೆ ದಾರಿಗಳಲ್ಲಿ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಕದ್ದು ಕೇಳುವುದಕ್ಕಿಂತ ಹೆಚ್ಚು ಕಳವಳದ ವಿಷಯ.

ನೀವೇ ಪರೀಕ್ಷಿಸಬಹುದು. ಸಾಮಾನ್ಯವಾಗಿ ಜಾಹೀರಾತು ಬರುವ, ಆದರೆ ನಿಮಗೆ ಸಂಬಂಧವಿಲ್ಲದ 10 ವಸ್ತುಗಳನ್ನು ಕಾಗದದಲ್ಲಿ ಬರೆಯಿರಿ, ಫೋನಿನಲ್ಲಿ ಬೇಡ. ಯಾವ 5ರ ಬಗ್ಗೆ ಮಾತಾಡಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಮೂರು ದಿನ ಸುಮ್ಮನೆ ಬಂದ ಜಾಹೀರಾತುಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡಿ. ನಂತರ ಐದು ದಿನ, ದಿನಕ್ಕೆ ಎರಡು ಬಾರಿ ಹತ್ತು ಹತ್ತು ನಿಮಿಷ, ಆ 5 ವಸ್ತುಗಳ ಬಗ್ಗೆ ಫೋನಿನ ಬಳಿ ಮಾತಾಡಿ. ಹುಡುಕಬೇಡಿ, ಟೈಪ್ ಮಾಡಬೇಡಿ, ಜಾಹೀರಾತು ಬಂದರೆ ಒತ್ತಬೇಡಿ. ಕೊನೆಗೆ ಚೀಟಿಯಲ್ಲಿ ಏನು ಬಂದಿತ್ತೆಂದು ಗೊತ್ತಿಲ್ಲದ ಇನ್ನೊಬ್ಬರಿಂದ ಹತ್ತೂ ವಸ್ತುಗಳ ಜಾಹೀರಾತು ಎಣಿಸಿ. ಇಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ: ವಸ್ತುಗಳನ್ನು ಮನಸ್ಸಿಗೆ ತೋಚಿದಂತೆ ಆರಿಸುವುದು (ತೋಚಿದ್ದೇ ಜಾಹೀರಾತಿನ ಪ್ರಭಾವದಿಂದ ಇರಬಹುದು), ಮತ್ತು ಮಾತಾಡಿದ 5ನ್ನು ಮಾತ್ರ ಎಣಿಸುವುದು. ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು ಬಂದರೆ ಅದರಿಂದ ಏನೂ ಸಾಬೀತಾಗದು. ಜತೆಗೆ, ಐಒಎಸ್ 14 ಮತ್ತು ಆಂಡ್ರಾಯ್ಡ್ 12ರಿಂದೀಚೆಗೆ ಯಾವುದೇ ಆಪ್ ಮೈಕ್ ಬಳಸಿದಾಗ ಪರದೆಯ ಮೇಲ್ಭಾಗದಲ್ಲಿ ಗುರುತು ಕಾಣುತ್ತದೆ, ಐಫೋನಿನಲ್ಲಿ ಕಿತ್ತಳೆ, ಆಂಡ್ರಾಯ್ಡ್‌ನಲ್ಲಿ ಹಸಿರು. ಯಾವ ಆಪ್‌ಗೆ ಮೈಕ್ ಅನುಮತಿ ಇದೆ ಎಂಬ ಪಟ್ಟಿ ಸೆಟ್ಟಿಂಗ್ಸ್‌ನಲ್ಲಿದೆ. ಟಾರ್ಚ್ ಆಪ್‌ಗೆ ಮೈಕ್ ಯಾಕೆ ಬೇಕು ಎಂದು ಒಮ್ಮೆ ನೋಡಿ.

ಭಯಪಟ್ಟವರ ಬಗೆಗಿನ ಕಥೆಗಳು, ಮತ್ತು ಶಾಂತಿಯ ಕನಸು

1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಅವರ ರೇಡಿಯೊ ನಾಟಕದಲ್ಲಿ ಮಂಗಳದವರು ದಾಳಿ ಮಾಡಿದಾಗ ಇಡೀ ಅಮೆರಿಕ ಬೀದಿಗೆ ಓಡಿತು ಎಂಬುದನ್ನು ಎಲ್ಲರೂ ಕೇಳಿರುತ್ತಾರೆ. ಆ ರಾತ್ರಿ ಸುಮಾರು 5,000 ಮನೆಗಳಿಗೆ ಫೋನ್ ಮಾಡಿ ನಡೆಸಿದ ಶ್ರೋತೃ ಸಮೀಕ್ಷೆಯಲ್ಲಿ ಆ ಕಾರ್ಯಕ್ರಮ ಕೇಳುತ್ತಿದ್ದವರು ಶೇಕಡಾ 2 ಮಾತ್ರ. ಕೆಲವರು ಹೆದರಿದ್ದು ಹೌದು. ಅದನ್ನು ಜನಸಾಗರದ ಗಾಬರಿಯಾಗಿ ಊದಿದ್ದು ಮರುದಿನದ ಪತ್ರಿಕೆಗಳು, ತಮ್ಮ ಜಾಹೀರಾತು ಆದಾಯವನ್ನು ಕಸಿಯುತ್ತಿದ್ದ ರೇಡಿಯೊ ನಂಬಿಕೆಗೆ ಅರ್ಹವಲ್ಲ ಎಂದು ತೋರಿಸಲು ಅವಕ್ಕೆ ಕಾರಣವಿತ್ತು. ಚಲನಚಿತ್ರದ ಆರಂಭಕಾರರಾದ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರ ರೈಲು ತೆರೆಯ ಮೇಲೆ ಬಂದಾಗ ಪ್ರೇಕ್ಷಕರು ಎದ್ದೋಡಿದರೆಂಬ 1896ರ ಕಥೆಗೂ ಆ ಕಾಲದ ವರದಿಗಳ ಆಧಾರ ಸಿಕ್ಕಿಲ್ಲ. ಹಿಂದಿನವರು ಬೆಪ್ಪರು, ನಾವು ಜಾಣರು ಎಂಬ ಕಥೆ ಕೇಳಲು ಹಿತ. ಹಾಗಾಗಿ ಅದನ್ನು ಯಾರೂ ಪರಿಶೀಲಿಸಲು ಹೋಗುವುದಿಲ್ಲ.

ಭಯದಷ್ಟೇ ಹಳೆಯದು ಆಸೆ. 1858ರಲ್ಲಿ ಅಟ್ಲಾಂಟಿಕ್ ತಳದಲ್ಲಿ ತಂತಿ ಎಳೆದಾಗ ಇನ್ನು ದೇಶಗಳ ನಡುವೆ ಯುದ್ಧವೇ ಇರದು ಎಂದು ಭಾಷಣಗಳಾದವು. ನ್ಯೂಯಾರ್ಕ್‌ನ ಸಂಭ್ರಮದ ಪಟಾಕಿಗೆ ಸಿಟಿ ಹಾಲ್‌ನ ಚಾವಣಿ ಹೊತ್ತಿಕೊಂಡಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು 16 ತಾಸು ಹಿಡಿಯಿತು. ಸಂಕೇತ ಮಂಕಾಗಿದೆಯೆಂದು ಸುಮಾರು 2,000 ವೋಲ್ಟ್ ಹಾಯಿಸಿದ್ದರಿಂದ ಮೊದಲೇ ದುರ್ಬಲವಾಗಿದ್ದ ನಿರೋಧಕ ಹೊದಿಕೆ ಸೋತು, ಮೂರು ವಾರಗಳಲ್ಲಿ ತಂತಿ ಸತ್ತಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಸೇನೆಗಳು ಆಜ್ಞೆ ಕಳುಹಿಸಿದ್ದು ಟೆಲಿಗ್ರಾಫ್‌ನಲ್ಲೇ. ಜಗಳಗಳೆಲ್ಲ ತಪ್ಪು ತಿಳಿವಳಿಕೆಯಿಂದ ಹುಟ್ಟುತ್ತವೆ, ಮಾತು ಸಲೀಸಾದರೆ ಜಗಳ ತೀರುತ್ತದೆ ಎಂಬ ಊಹೆ ಈ ಕನಸಿನ ಅಡಿಪಾಯ. ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥ ಮಾಡಿಕೊಂಡೇ ಹೊಡೆದಾಡುವವರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ರೇಡಿಯೊ ಬಂದಾಗಲೂ ಅಂತರ್ಜಾಲ ಬಂದಾಗಲೂ ಇದೇ ಭಾಷಣ ಮರಳಿ ಬಂತು.

ತಿದ್ದುವಾಗ

ಒಂದು ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನಿಸತೊಡಗುತ್ತದೆ ಎಂಬುದನ್ನು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿ ಎಳೆಗಳನ್ನು ಪರಿಶೀಲಿಸಿದ 2018ರ ಅಧ್ಯಯನದಲ್ಲಿ, ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇಕಡಾ 70ರಷ್ಟು ಹೆಚ್ಚಿತ್ತು. ಹಾಗಾಗಿ ಕುಟುಂಬದ ಗುಂಪಿನಲ್ಲಿ ಯಾರಾದರೂ ಇಂಥದ್ದು ಹಾಕಿದಾಗ ಅದನ್ನೇ ದಪ್ಪಕ್ಷರದಲ್ಲಿ ಮತ್ತೆ ಬರೆದು 'ಸುಳ್ಳು' ಎಂದು ಮುದ್ರೆ ಒತ್ತುವುದು ಕಡಿಮೆ ಫಲದ ಕೆಲಸ. ನಿಜ ಸಂಗತಿಯನ್ನು ಮೊದಲು ಹೇಳಿ, ಕಟ್ಟುಕಥೆಯನ್ನು ಒಂದೇ ಸಲ ಹೆಸರಿಸಿ, ಅದು ಯಾಕೆ ನಿಜವೆನಿಸುತ್ತದೆ ಎಂಬುದನ್ನು ಬಿಡಿಸಿ, ಮತ್ತೆ ನಿಜಕ್ಕೆ ಬನ್ನಿ. ತಿದ್ದಿದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ ಎಂಬ ಹೆದರಿಕೆ ಬೇಡ; ಹಾಗಾಗುತ್ತದೆಂದು ಒಂದು ಕಾಲಕ್ಕೆ ಬಹಳ ಪ್ರಚಾರವಾಗಿತ್ತು, ನಂತರದ ದೊಡ್ಡ ಪ್ರಯೋಗಗಳಲ್ಲಿ ಅದು ಬಹುತೇಕ ಕಾಣಿಸಲೇ ಇಲ್ಲ.

'ಯಾಕೆ ನಿಜವೆನಿಸುತ್ತದೆ' ಎಂಬ ಮೂರನೆಯ ಹೆಜ್ಜೆಯನ್ನೇ ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಟವರ್ ಬೇಡವೆನ್ನುವವರಲ್ಲಿ ಎಷ್ಟೋ ಮಂದಿಯ ಸಿಟ್ಟು ತಮ್ಮನ್ನು ಕೇಳದೆ ಅದನ್ನು ನೆಟ್ಟದ್ದರ ಮೇಲೆ. ಅವರ ಮುಂದೆ ಇಲೆಕ್ಟ್ರಾನ್‌ವೋಲ್ಟ್ ಲೆಕ್ಕ ಎಷ್ಟು ಬಿಡಿಸಿದರೂ ಮಾತು ಅಲ್ಲಿಗೆ ಮುಟ್ಟುವುದಿಲ್ಲ. ಅನುಮತಿ ಪತ್ರದಲ್ಲಿ ಏನಿದೆ, ಅಳತೆ ಮಾಡಿ ತೋರಿಸುವವರು ಯಾರು, ಆಕ್ಷೇಪಣೆಯನ್ನು ಎಲ್ಲಿ ಸಲ್ಲಿಸಬೇಕು ಎಂಬುದರಿಂದ ಶುರು ಮಾಡಿದರೆ ಲೆಕ್ಕ ಕೇಳುವ ತಾಳ್ಮೆಯೂ ಬರುತ್ತದೆ.